ಕಾಫಿ ತಂದುಕೊಟ್ಟವನ ಕಣ್ಣು ನೋಡಿದ ತಪ್ಪು

ವಂಶದಲ್ಲಿ ಹರಿದು ಬರುವ ನರರೋಗಗಳ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಸಂಶೋಧನೆ ಅಂದರೆ ಲ್ಯಾಬ್, ಮೈಕ್ರೋಸ್ಕೋಪ್ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಅರ್ಧ ಕೆಲಸ ನಡೆಯುವುದು ಯಾರದೋ ಮನೆಯ ಜಗಲಿಯಲ್ಲಿ, ತೊಡೆಯ ಮೇಲೆ ಒಂದು ಹಾಳೆ ಇಟ್ಟುಕೊಂಡು, ಆ ಮನೆಯ ವಂಶವೃಕ್ಷ ಬರೆಯುತ್ತಾ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ತುಂಬುವುದು, ತೀರಿಕೊಂಡವರಿಗೆ ಓರೆಗೆರೆ.

ಈ ಹಾಳೆ ತುಂಬಲು ಕೊಡಗು ಒಳ್ಳೆಯ ಜಾಗ. ಐನ್‌ಮನೆ, ಅಂದರೆ ಹಿರಿಯರ ಮೂಲಮನೆ, ಇರುವ ಕುಟುಂಬಗಳಲ್ಲಿ ನಾಲ್ಕೈದು ತಲೆಮಾರಿನ ಹೆಸರು ಯಾರಾದರೂ ಒಬ್ಬರಿಗೆ ಬಾಯಿಪಾಠ ಇದ್ದೇ ಇರುತ್ತದೆ. ಹೆಸರು ಸಿಗುತ್ತದೆ, ಕಾಯಿಲೆ ಸಿಗುವುದಿಲ್ಲ.

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಮಡಿಕೇರಿಗೆ ಬಂದು ತೋರಿಸಿಕೊಂಡರು. ವಯಸ್ಸು ನಲವತ್ತು. ನಡೆದರೆ ತೂರಾಟ, ಮಾತು ಎಳೆದೆಳೆದು. "ಮನೆಯಲ್ಲಿ ಯಾರಿಗಾದರೂ ನರದ ಕಾಯಿಲೆ ಇತ್ತಾ?" ಅಂದೆ. "ಇಲ್ಲ ಡಾಕ್ಟ್ರೇ." ರಕ್ತ ಬೆಂಗಳೂರಿಗೆ ಹೋಯಿತು. ಬಂದ ಉತ್ತರ ಎಸ್‌ಸಿಎ-2. ಕಿರುಮೆದುಳು ನಿಧಾನವಾಗಿ ಸವೆಯುವ ಕಾಯಿಲೆ. ಒಂದು ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬಂದಿರುತ್ತದೆ. 31 ಸಲದವರೆಗೆ ತೊಂದರೆ ಇಲ್ಲ, 33 ಮುಟ್ಟಿದರೆ ಕಾಯಿಲೆಯ ಸಾಲು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಲೆಮಾರು ಇಳಿದ ಹಾಗೆ ಈ ಸಾಲು ಉದ್ದವಾಗಬಹುದು, ಆಗ ಕಾಯಿಲೆ ಇನ್ನೂ ಚಿಕ್ಕ ವಯಸ್ಸಿಗೇ ಹಿಡಿಯುತ್ತದೆ. ತಡೆಯುವ ಔಷಧ ಇನ್ನೂ ಇಲ್ಲ.

ಹಾಗಾದರೆ ಮನೆಯಲ್ಲಿ ಯಾರಿಗೂ ಇರಲಿಲ್ಲವೇ? ಅವರ ಮನೆಗೇ ಹೋದೆ. ಕಣದಲ್ಲಿ ಕಾಫಿ ಒಣಗುತ್ತಿತ್ತು. ತಾಯಿಯ ಹತ್ತಿರ ಕಾಯಿಲೆಯ ಮಾತೇ ಎತ್ತಲಿಲ್ಲ. "ಯಜಮಾನರು ಕೊನೆಕೊನೆಗೆ ಹೇಗೆ ನಡೀತಿದ್ರು ಅಮ್ಮಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕುಡಿದವರ ಹಾಗೆ. ಊರೆಲ್ಲ ಹಾಗೇ ಆಡಿಕೊಳ್ತು. ಅವರು ಒಂದು ಹನಿ ಬಾಯಿಗೆ ಹಾಕಿದವರಲ್ಲ." ಒಂದು ಚೌಕ ಕಪ್ಪಾಯಿತು. ಆಮೇಲೆ ಯಜಮಾನರ ತಂಗಿಯ ವೃತ್ತವೂ. ಕಾಯಿಲೆಯ ಹೆಸರು ಹಿಡಿದು ಕೇಳಬಾರದು, ನಡಿಗೆ ಕೇಳಬೇಕು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಬಹುಶಃ ಆವತ್ತು ನನ್ನ ಬಗ್ಗೆ ನನಗೇ ಜಾಸ್ತಿ ಮೆಚ್ಚುಗೆಯಾಗಿತ್ತು.

ಎಸ್‌ಸಿಎ-2 ಬಂದವರ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಚಟಕ್ಕನೆ ಜಿಗಿಯುವುದಿಲ್ಲ, ತೇಲಿಕೊಂಡು ಹೋಗುತ್ತದೆ. ನಡಿಗೆ ಕೆಡುವ ಮೊದಲೇ ಇದು ಕಾಣಿಸಬಹುದು. ನನ್ನ ಜೊತೆ ಬಂದಿದ್ದ ಕಿರಿಯ ಡಾಕ್ಟರಿಗೆ ವ್ಯತ್ಯಾಸ ತೋರಿಸೋಣ ಅಂತ, ಕಾಫಿ ತಂದುಕೊಟ್ಟ ಬೆಳೆಗಾರರ ತಮ್ಮನನ್ನು ಕೂರಿಸಿದೆ. ಇಪ್ಪತ್ತೆಂಟರ ಹುಡುಗ. "ಸುಮ್ನೆ ನನ್ನ ಬೆರಳು ನೋಡಪ್ಪ, ಈಗ ಪೆನ್ನು ನೋಡು." ಅವನ ಕಣ್ಣೂ ತೇಲಿತು.

ಅಭ್ಯಾಸಬಲ. ಕೈ ತಾನಾಗಿ ಹಾಳೆಗೆ ಹೋಗಿ ಅವನ ಚೌಕದೊಳಗೆ ಒಂದು ಚುಕ್ಕೆ ಇಟ್ಟಿತು.

"ನನ್ನದಕ್ಕೆ ಯಾಕೆ ಡಾಕ್ಟ್ರೇ ಚುಕ್ಕೆ?"

"ಸುಮ್ನೆ ಗುರುತಿಗೆ" ಅಂದೆ. ಅವನು ನಂಬಲಿಲ್ಲ. ಅವನ ಮದುವೆ ನಿಶ್ಚಯವಾಗಿತ್ತು ಅಂತ ನನಗೆ ಗೊತ್ತಾಗಿದ್ದು, ಅದನ್ನು ಮುಂದಕ್ಕೆ ಹಾಕಿದ್ದೇವೆ ಅಂತ ಅಣ್ಣ ಫೋನ್ ಮಾಡಿದಾಗ.

ರಕ್ತ ತೆಗೆಯುವ ಮೊದಲು ಕೂರಿಸಿ ಮಾತಾಡಬೇಕು, ಒಪ್ಪಿಗೆ ಬೇಕು, ಬೇಡ ಅನ್ನುವ ಹಕ್ಕು ಅವರದು. ಇದನ್ನೆಲ್ಲ ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನೇ. ಕಣ್ಣು ನೋಡುವುದೂ ಒಂದು ಟೆಸ್ಟ್ ಅಲ್ವಾ? ಸೂಜಿ ಚುಚ್ಚಲಿಲ್ಲ ಅಂತ ಅದು ಟೆಸ್ಟ್ ಅಲ್ಲ ಅಂದುಕೊಂಡಿದ್ದೆ.

ಆಗ ನೆನಪಾದವರು ಅಮೆರಿಕದ ಸಂಶೋಧಕಿ ನ್ಯಾನ್ಸಿ ವೆಕ್ಸ್ಲರ್. ಅವರ ತಾಯಿಗೆ ಹಂಟಿಂಗ್ಟನ್ ಕಾಯಿಲೆ ಇತ್ತು, ಅದೂ ವಂಶದಲ್ಲಿ ಹರಿದು ಬರುವ ನರರೋಗವೇ. ವೆನೆಜುವೆಲಾದ ಮರಕೈಬೋ ಸರೋವರದ ದಡದ ಹಳ್ಳಿಗಳಿಗೆ ವರ್ಷವರ್ಷವೂ ಹೋಗಿ, 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆದ ತಂಡ ಅವರದು. ಆ ಜನ ಕೊಟ್ಟ ರಕ್ತದ ನೆರವಿನಿಂದ 1993ರಲ್ಲಿ ಹಂಟಿಂಗ್ಟನ್ ಜೀನ್ ಸಿಕ್ಕಿತು. ತನಗೂ ಆ ಕಾಯಿಲೆ ಇದೆ ಅಂತ ಅವರು ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಯಾವಾಗ ಹೇಳಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು. ಈ ಹುಡುಗನ ಕೈಯಿಂದ ಅದನ್ನು ನಾನು ಒಂದು ಚುಕ್ಕೆಯಲ್ಲಿ ಕಿತ್ತುಕೊಂಡಿದ್ದೆ.

ಈಗ ರೋಗಿಯ ಮನೆಯವರ ಕಣ್ಣು ನೋಡುವುದಿಲ್ಲ. ಹೋಲಿಸಿ ತೋರಿಸಬೇಕಿದ್ದರೆ ನನ್ನ ಡ್ರೈವರ್ ಇದ್ದಾರೆ, ಅವರಿಗೆ ಬೇಸರವಿಲ್ಲ. ಮನೆಯಲ್ಲಿ ಬರೀ ಹೆಸರು, ಚೌಕ, ವೃತ್ತ. ಕಪ್ಪು ತುಂಬುವುದು ವಾಪಸು ಬಂದ ಮೇಲೆ.

ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಆಮೇಲೆ ಕೌನ್ಸೆಲಿಂಗ್‌ಗೆ ಎರಡು ಸಲ ಬಂದ. ರಕ್ತ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಮುಂದಿನ ಸಲ ಬರುವಾಗ ಆ ಹುಡುಗಿಯನ್ನೂ ಕರೆದುಕೊಂಡು ಬರುತ್ತೇನೆ ಅಂದಿದ್ದಾನೆ.