ತಳದಲ್ಲಿ ತೂತಿರುವ ತಾಮ್ರದ ಬಟ್ಟಲು ಬಂದರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೇ ಮನೆ ಬಿಚ್ಚಿದಾಗ ಅಟ್ಟದಿಂದ ಇಳಿದ ಸಾಮಾನು ಒಂದಷ್ಟು ಗುಜರಿಗೆ ಹೋಗುತ್ತದೆ, ಉಳಿದದ್ದು ಊರಿನ ಶಾಲೆಯ ಇಲ್ಲವೇ ಗ್ರಂಥಾಲಯದ ಕಪಾಟಿಗೆ ದಾನವಾಗಿ ಬರುತ್ತದೆ. ಸೇರು, ಪಾವು, ಅಡಕತ್ತರಿ, ಶ್ಯಾವಿಗೆ ಒರಳು ಬಂದರೆ ಚಿಂತೆಯಿಲ್ಲ, ಊರಿನ ಯಾವ ಅಜ್ಜಿಯಾದರೂ ಹೇಳಿಬಿಡುತ್ತಾರೆ. ತಲೆ ಕೆಡಿಸುವುದು ತಳದ ನಟ್ಟನಡುವೆ ಸಣ್ಣ ತೂತಿರುವ ತಾಮ್ರದ ಬಟ್ಟಲು. ಕೊಟ್ಟವರು ‘ದೇವರ ಸಾಮಾನಿರಬೇಕು’ ಎನ್ನುತ್ತಾರೆ, ತೆಗೆದುಕೊಂಡವರು ರಿಜಿಸ್ಟರಿನಲ್ಲಿ ‘ಸೋರುವ ಬಟ್ಟಲು, 1’ ಎಂದು ಬರೆದು ಮುಗಿಸುತ್ತಾರೆ.

ಮೊದಲ ಮಾತು: ತೊಳೆಯಬೇಡಿ. ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದರೆ ನೋಡಲು ಚೆಂದ, ಆದರೆ ಗುರುತು ಹಿಡಿಯಲು ಬೇಕಾದದ್ದೆಲ್ಲ ಆ ಹುಳಿನೀರಿನ ಜೊತೆ ಹೋಗುತ್ತದೆ. ಹೊರಮೈಯಲ್ಲಿ ಮಸಿ ಗಟ್ಟಿಯಾಗಿ ಕೂತಿದ್ದರೆ ಅದು ಒಲೆಯ ಮೇಲಿದ್ದದ್ದು. ಬರೀ ಅಟ್ಟದ ಹೊಗೆಯಾದರೆ ಒಳಗೂ ಹೊರಗೂ ತೆಳ್ಳಗೆ ಒಂದೇ ಸಮ ಹಿಡಿದಿರುತ್ತದೆ. ಒಳಗೆ ಎಣ್ಣೆಜಿಡ್ಡು ಇದ್ದರೆ ದೀಪದ ಸಾಮಾನೆಂದು ಅನುಮಾನಿಸಬಹುದು. ನಮ್ಮ ಮಳೆಗಾಲಕ್ಕೆ ತಾಮ್ರ ಹಸಿರು ಕಿಲುಬು ಹಿಡಿಯುವುದು ಸಹಜ, ಅದನ್ನು ನೋಡಿ ‘ನೂರಾರು ವರ್ಷ ಹಳೆಯದು’ ಎನ್ನುವುದು ಬೇಡ.

ಆಮೇಲೆ ತೂತು. ಕತ್ತಲ ಕೋಣೆಯಲ್ಲಿ ಬಟ್ಟಲಿನ ಒಳಗಿಂದ ಟಾರ್ಚ್ ಬಿಟ್ಟು ಹೊರಗಿಂದ ನೋಡಿ. ಕಿಲುಬು ತಿಂದು ಬಿದ್ದ ತೂತಿನ ಅಂಚು ಹರಕುಮುರುಕು, ಸುತ್ತಲಿನ ತಗಡು ತೆಳ್ಳಗೆ, ಗುಳಿಗುಳಿ. ನಟ್ಟನಡುವೆಯೇ ಬೀಳಬೇಕೆಂಬ ನಿಯಮವೂ ಅದಕ್ಕಿಲ್ಲ. ಬೇಕೆಂದೇ ಕೊರೆದದ್ದು ದುಂಡಗಿರುತ್ತದೆ, ಸುತ್ತಲಿನ ತಗಡು ಗಟ್ಟಿಯಾಗಿಯೇ ಉಳಿದಿರುತ್ತದೆ. ಕಿರುಬೆರಳು ತೂರುವಷ್ಟು ದೊಡ್ಡದಾಗಿ ಅಂಚು ಸವೆದಿದ್ದರೆ ಅದರಲ್ಲಿ ಸರಳೊಂದು ಕೂತಿತ್ತು, ಅಂದರೆ ದೀಪದ ಕಂಬದಂಥ ಯಾವುದೋ ಜೋಡಣೆಯ ಭಾಗ. ಬಾಯಿಯಂಚಿನಲ್ಲಿ ಸರಪಳಿಗೆ ಬಳೆಗಳಿದ್ದು ತಳದ ತೂತು ಎರಡು ಮೂರು ಮಿಲಿಮೀಟರ್ ಇದ್ದರೆ ಲಿಂಗದ ಮೇಲೆ ತೂಗುಹಾಕುವ ಧಾರಾಪಾತ್ರೆ. ಅಂಚಿನಲ್ಲಿ ಮೂರು ತೂತಿದ್ದು ತಳದಲ್ಲಿ ಏನೂ ಇಲ್ಲದಿದ್ದರೆ ತಕ್ಕಡಿಯ ತಟ್ಟೆ, ಬಿಡಿ.

ಅಂಚು ನುಣುಪಾಗಿ, ಬಳೆ ಹಿಡಿ ಯಾವುದೂ ಇಲ್ಲದೆ, ಅರ್ಧಗೋಳದಂತಿದ್ದು, ತೂತು ಸೂಜಿ ಗಾತ್ರದ್ದಾದರೆ ಅದು ಗಳಿಗೆ ಬಟ್ಟಲಾಗಿರುವ ಸಾಧ್ಯತೆ ಹೆಚ್ಚು. ನೀರಿನ ಮೇಲೆ ಬಿಟ್ಟರೆ ತೂತಿನಿಂದ ನೀರು ಮೆಲ್ಲಗೆ ಏರಿ, ಒಂದು ಗಳಿಗೆಗೆ ಸರಿಯಾಗಿ ಬಟ್ಟಲು ಮುಳುಗುತ್ತದೆ. ಒಂದು ಗಳಿಗೆಗೆ 24 ನಿಮಿಷ, ದಿನಕ್ಕೆ 60 ಗಳಿಗೆ. ಹಗಲಿರುಳಿಗೆ 60 ಸಲ ಮುಳುಗುವ ತಾಮ್ರದ ಪಾತ್ರೆಯನ್ನು ಸೂರ್ಯಸಿದ್ಧಾಂತವೆಂಬ ಹಳೆಯ ಖಗೋಳ ಗ್ರಂಥವೇ ಹೇಳುತ್ತದೆ. ಮದುವೆಯ ಮುಹೂರ್ತಕ್ಕೆ, ಮಗು ಹುಟ್ಟಿದ ಹೊತ್ತು ಹಿಡಿಯಲಿಕ್ಕೆ ಇದನ್ನು ಬಳಸುತ್ತಿದ್ದರು. ಪಂಚಾಂಗದಲ್ಲಿ ಗಳಿಗೆ–ವಿಗಳಿಗೆ ಲೆಕ್ಕ ಈಗಲೂ ಅಚ್ಚಾಗುತ್ತದೆ.

ಲೋಹ ತಾಮ್ರವೋ ಹಿತ್ತಾಳೆಯೋ ಎಂದು ತೂಗಿ ನೋಡುವವರಿಗೆ ಒಂದು ಎಚ್ಚರಿಕೆ. ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ, ಬಟ್ಟಲನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ, ಗಾಳಿಗುಳ್ಳೆ ಉಳಿಯದಂತೆ ಮುಳುಗಿಸಿದರೆ, ಗ್ರಾಂನಲ್ಲಿ ಬರುವ ಅಂಕಿಯೇ ಘನ ಸೆಂಟಿಮೀಟರ್‌ನಲ್ಲಿ ಲೋಹದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ: ತಾಮ್ರಕ್ಕೆ 8.9ರ ಹತ್ತಿರ, ಹಿತ್ತಾಳೆಗೆ 8.4ರಿಂದ 8.7. ಆದರೆ 160 ಗ್ರಾಂ ಬಟ್ಟಲಿಗೆ ಅಂಕಿ 18ರ ಬದಲು 19 ತೋರಿಸಿದರೆ ತಾಮ್ರವೇ ಹಿತ್ತಾಳೆಯಾಗಿಬಿಡುತ್ತದೆ. ಅಡುಗೆಮನೆಯ ಒಂದು ಗ್ರಾಂ ತಕ್ಕಡಿ ಇದಕ್ಕೆ ಸಾಲದು, 0.1 ಗ್ರಾಂ ತೋರಿಸುವ ಅಕ್ಕಸಾಲಿಗರ ತಕ್ಕಡಿ ಬೇಕು.

ನಿಜವಾದ ಪರೀಕ್ಷೆ ನೀರಿನದು. ಬಟ್ಟಲಿಗಿಂತ ಎರಡು ಪಟ್ಟಾದರೂ ಅಗಲದ, ಆಳದ ಪಾತ್ರೆಗೆ ಸೋಸಿದ ನೀರು ತುಂಬಿ, ನೀರು ನಿಲ್ಲುವವರೆಗೆ ಕಾಯಿರಿ. ಫ್ಯಾನ್ ಆರಿಸಿ. ಬಟ್ಟಲನ್ನು ಮಟ್ಟವಾಗಿ ಬಿಟ್ಟು ಸ್ಟಾಪ್‌ವಾಚ್ ಒತ್ತಿ. ತೂತಿನಲ್ಲಿ ನೀರು ಚಿಮ್ಮದಿದ್ದರೆ ಜಿಡ್ಡೋ ಕಿಲುಬೋ ಕಟ್ಟಿಕೊಂಡಿದೆ ಎಂದರ್ಥ. ಹಾಗಿದ್ದಾಗ ಬಟ್ಟಲನ್ನು ರಾತ್ರಿಯಿಡೀ ಬರೀ ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಿಂದ ಸವರಿ. ಸೂಜಿ ಮಾತ್ರ ಹಾಕಬೇಡಿ. ತೂತಿನ ಅಡ್ಡಳತೆ ನೂರಕ್ಕೆ ಹತ್ತು ಹಿಗ್ಗಿದರೆ ನೀರು ಬರುವ ದಾರಿ ನೂರಕ್ಕೆ ಇಪ್ಪತ್ತೊಂದು ಹಿಗ್ಗುತ್ತದೆ, 24 ನಿಮಿಷದ ಬಟ್ಟಲು 20 ನಿಮಿಷಕ್ಕೇ ಮುಳುಗುತ್ತದೆ. ಒಮ್ಮೆ ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ.

ಬಾಯಿ 12 ಸೆಂಟಿಮೀಟರ್ ಅಗಲದ, 150 ಗ್ರಾಂ ತೂಗುವ ಅರ್ಧಗೋಳದ ಬಟ್ಟಲಿಗೆ ಲೆಕ್ಕ ಹಾಕಿದರೆ ತೂತು ಸುಮಾರು 1 ಮಿಲಿಮೀಟರ್ ಇರಬೇಕಾಗುತ್ತದೆ. ಅದೇ ಬಟ್ಟಲಿಗೆ 3 ಮಿಲಿಮೀಟರ್ ತೂತಿದ್ದರೆ ಮೂರು ನಿಮಿಷವೂ ತೇಲದು. 22 ನಿಮಿಷವೋ 26 ನಿಮಿಷವೋ ಬಂದರೆ ಕೈಬಿಡಬೇಡಿ. ಜಜ್ಜಿ ಗುಳಿ ಬಿದ್ದ ಬಟ್ಟಲಿಗೆ ಹಿಡಿಯುವ ನೀರು ಕಡಿಮೆ, ಬೆಸುಗೆ ಹಾಕಿದ್ದಕ್ಕೆ ತೂಕ ಜಾಸ್ತಿ. ಎರಡೂ ಬೇಗ ಮುಳುಗುತ್ತವೆ. ತೂತಿನಲ್ಲಿ ಕಿಲುಬು ಉಳಿದಿದ್ದರೆ ತಡವಾಗುತ್ತದೆ. ಒಂದೇ ಬಟ್ಟಲು ಒಮ್ಮೆ 15, ಒಮ್ಮೆ 24 ತೋರಿಸಿದರೆ ಮಾತ್ರ ಬಟ್ಟಲಿಗಿಂತ ಮೊದಲು ನೀರಿನಲ್ಲಿರುವ ಕಸ, ಬಿಟ್ಟ ರೀತಿ ಇವನ್ನು ಸಂಶಯಿಸಿ.

ಕೊಟ್ಟವರನ್ನು ಕೇಳುವಾಗ ‘ಇದು ಏನು?’ ಎಂದು ಕೇಳಿ ಪ್ರಯೋಜನ ಕಡಿಮೆ. ಎಲ್ಲಿ ಇಟ್ಟಿದ್ದರು, ಜೊತೆಗೆ ಏನಿತ್ತು, ಮನೆಯಲ್ಲಿ ಪೌರೋಹಿತ್ಯ ಇತ್ತೇ, ಆ ಮನೆತನ ಮೊದಲು ಎಲ್ಲಿತ್ತು ಎಂದು ಕೇಳಿ. ಕೊನೆಯ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಮುಖ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಎದ್ದು ಬಂದ ಮನೆಗಳ ಸಾಮಾನು ಎಲ್ಲೆಲ್ಲೋ ಚದುರಿದೆ. ಶಿವಮೊಗ್ಗದ ಬಡಾವಣೆಯೊಂದರಿಂದ ದಾನ ಬಂದ ಬಟ್ಟಲು ಹಿನ್ನೀರಿನ ಅಡಿಯ ಊರಿನದಾಗಿರಬಹುದು.

ರಿಜಿಸ್ಟರಿನಲ್ಲಿ ಬಾಯಗಲ, ಆಳ, ತೂಕ, ತೂತಿನ ಅಳತೆ, ಮುಳುಗಲು ಹಿಡಿದ ಹೊತ್ತು ಪ್ರತಿ ಸಲದ್ದೂ ಬೇರೆ ಬೇರೆಯಾಗಿ ಬರೆಯಿರಿ. ಸರಾಸರಿ ಮಾತ್ರ ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಗೊತ್ತಾದ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಇರಲಿ, ಕೆಳದಿಯ ವಸ್ತುಸಂಗ್ರಹಾಲಯದಂಥ ಕಡೆ ತೋರಿಸಿದ ಮೇಲೆ ಅಳಿಸಬಹುದು. ಪರೀಕ್ಷೆ ಮುಗಿದೊಡನೆ ತೂತಿನ ಒಳಗೂ ಹನಿ ಉಳಿಯದಂತೆ ಒಣಗಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಆಷಾಢ ಕಳೆಯುವಷ್ಟರಲ್ಲಿ ಹೊಸ ಕಿಲುಬು.