ಕತ್ತಲೆಯಲ್ಲಿ ಕೈಗೆ ಗೊತ್ತಿರುವ ಕೆಲಸ

ನನ್ನ ಸೋದರಮಾವ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ, ಫಿಲ್ಮಿಗೆ ಬೆಳಕು ಹಿಡಿಯುವ ಪದರ ಸವರುವ ಕೋಟಿಂಗ್ ವಿಭಾಗದಲ್ಲಿದ್ದರು. ಬೇಸಿಗೆ ರಜ ಬಂತೆಂದರೆ ಮೈಸೂರಿನಲ್ಲಿ ಬಸ್ಸು ಹತ್ತಿ, ಬಂಡೀಪುರ, ಗೂಡಲೂರು ದಾಟಿ ಇಂದುನಗರದ ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆವು. ರಾತ್ರಿ ಕರೆಂಟು ಹೋದರೆ ನಾವೆಲ್ಲ ಕೂತಲ್ಲೇ ಕೂತಿರುತ್ತಿದ್ದೆವು. ಮಾವ ಮಾತ್ರ ಎದ್ದು ಸೀದಾ ಅಡುಗೆಮನೆಗೆ ನಡೆದು, ಒಂದು ಲೋಟಕ್ಕೂ ಕೈ ತಗುಲಿಸದೆ ಬೆಂಕಿಪೊಟ್ಟಣ ತಂದುಬಿಡುತ್ತಿದ್ದರು. "ಪಾಳಿ ಪೂರ್ತಿ ಕತ್ತಲಲ್ಲೇ ಓಡಾಡ್ತೀನಲ್ಲೋ, ಇದೇನು ಮಹಾ" ಅನ್ನುತ್ತಿದ್ದರು.

ಸಿನಿಮಾ ಫಿಲ್ಮ್ ತಯಾರಿಕೆಗೆ ಮುಂದೆ ಏನು ಗತಿ ಎಂದು ನನ್ನ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನನಗೆ ಮಾವನ ಆ ನಡಿಗೆ ನೆನಪಾಗುತ್ತದೆ. ಫಿಲ್ಮ್ ಚೆನ್ನವೋ ಡಿಜಿಟಲ್ ಚೆನ್ನವೋ ಎಂಬ ವಾದ ಬೇರೆ. ಫಿಲ್ಮ್ ಮಾಡಬಲ್ಲ ಕೈಗಳು ಉಳಿದಿರುತ್ತವೆಯೇ, ಅವಕ್ಕೆ ವರ್ಷಪೂರ್ತಿ ಕೆಲಸ ಇರುತ್ತದೆಯೇ ಅನ್ನುವುದೇ ನನ್ನ ಚಿಂತೆ.

ಯಾಕೆಂದರೆ ಇದು ಸೂತ್ರ ಬರೆದಿಟ್ಟುಕೊಂಡು ಬೇಕಾದಾಗ ಮಾಡುವ ವಸ್ತುವಲ್ಲ. ಬೆಳ್ಳಿಯಿಂದ ಸಿಲ್ವರ್ ನೈಟ್ರೇಟ್ ಮಾಡಿ, ಜೆಲಟಿನ್‌ನಲ್ಲಿ ಬ್ರೋಮೈಡಿನ ಜೊತೆ ಬೆರೆಸಿದಾಗ ಬೆಳಕು ಹಿಡಿಯುವ ಹರಳುಗಳು ಹುಟ್ಟುತ್ತವೆ. ಹರಳು ತುಂಬಿದ ಆ ಜೆಲಟಿನ್ ಮಿಶ್ರಣವೇ ಎಮಲ್ಷನ್. ಜೆಲಟಿನ್ ಬರುವುದು ದನದ ಮೂಳೆ, ಚರ್ಮದಿಂದ. ಒಂದು ಕಂತಿನ ಜೆಲಟಿನ್‌ನಿಂದ ಮಾಡಿದ ಎಮಲ್ಷನ್ ಚುರುಕಾಗಿರುತ್ತಿತ್ತು, ಇನ್ನೊಂದರದ್ದು ಮಂದ. 1920ರ ದಶಕದಲ್ಲಿ ಕೊಡಾಕ್‌ನ ರಸಾಯನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಇದರ ಬೆನ್ನು ಹತ್ತಿದಾಗ ಸಿಕ್ಕಿದ್ದು ಸಾಸಿವೆ ಎಣ್ಣೆಯಲ್ಲಿರುವ ಗಂಧಕದ ಅಂಶ. ದನ ಮೇಯ್ದ ಸಾಸಿವೆ ಜಾತಿಯ ಗಿಡದಿಂದ ಅದು ಜೆಲಟಿನ್ ತನಕ ಬಂದಿತ್ತು. ನಮ್ಮ ಒಗ್ಗರಣೆಯ ಸಾಸಿವೆಗೂ ಪರದೆಯ ಮೇಲಿನ ಚಿತ್ರಕ್ಕೂ ಇಂಥ ನಂಟಿದೆ ಎಂದು ಓದಿದ ದಿನ ಮಾವನಿಗೆ ಫೋನ್ ಮಾಡಿ ಹೇಳಿದ್ದೆ. ಅವರಿಗೆ ಅದು ಆಗಲೇ ಗೊತ್ತಿತ್ತು.

ಈ ಎಮಲ್ಷನ್ನನ್ನು ಓಡುವ ಪ್ಲಾಸ್ಟಿಕ್ ಹಾಳೆಯ ಮೇಲೆ ಕತ್ತಲೆಯಲ್ಲಿ ಸವರಬೇಕು. ಶೂಟಿಂಗಿಗೆ ಬಳಸುವ ಕಲರ್ ನೆಗೆಟಿವ್ ಆದರೆ ಹತ್ತಕ್ಕೂ ಹೆಚ್ಚು ಪದರ. ಎಲ್ಲ ಸೇರಿದರೂ ಕೂದಲೆಳೆಗಿಂತ ತೆಳು. ಒಂದು ಗುಳ್ಳೆ, ಒಂದು ಧೂಳಿನ ಕಣ ಬಿದ್ದರೂ ಥಿಯೇಟರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಮೆಷಿನ್ನಿನ ಸದ್ದು ಕೇಳಿಯೇ "ಇವತ್ತು ಯಾಕೋ ಸರಿ ಇಲ್ಲ" ಎಂದು ಮಾವ ಹೇಳುತ್ತಿದ್ದರಂತೆ. ಅದನ್ನು ಯಾವ ಪುಸ್ತಕದಲ್ಲಿ ಬರೆದಿಡುವುದು?

1994ರಲ್ಲಿ ನಾನು ಕ್ಯಾಮೆರಾ ಅಸಿಸ್ಟೆಂಟ್ ಆಗಿ ಸೇರಿದೆ. ಔಟ್‌ಡೋರ್ ಹೋದಾಗ ಲಾಡ್ಜಿನ ಬಾತ್‌ರೂಮಿನ ಕಿಟಕಿಗೆ ಎರಡು ಕಂಬಳಿ ಹೊದಿಸಿದರೆ ಅದೇ ನಮ್ಮ ಡಾರ್ಕ್ ರೂಮು. ಡಬ್ಬದ ಟೇಪು ಬಿಚ್ಚಿ, ಕಪ್ಪು ಕವರಿನಿಂದ ರೋಲು ತೆಗೆದು, ತುದಿಯನ್ನು ಒದ್ದೆ ತುಟಿಗೆ ತಾಗಿಸಿದರೆ ಎಮಲ್ಷನ್ ಇರುವ ಕಡೆ ಸಣ್ಣಗೆ ಅಂಟುತ್ತದೆ. ಹಾಗೆ ಗುರುತು ಹಿಡಿದು ಮ್ಯಾಗಜೀನಿಗೆ, ಅಂದರೆ ಕ್ಯಾಮೆರಾದ ಫಿಲ್ಮ್ ಪೆಟ್ಟಿಗೆಗೆ, ಏರಿಸಬೇಕು. ಸಾವಿರ ಅಡಿಯ ರೋಲು ಓಡುವುದು ಹನ್ನೊಂದು ನಿಮಿಷ. ನಿಮಿಷಕ್ಕೆ ತೊಂಬತ್ತು ಅಡಿ ಎಂಬ ಲೆಕ್ಕ ಇಂದಿಗೂ ನನ್ನ ತಲೆಯಲ್ಲಿ ಓಡುತ್ತಿರುತ್ತದೆ.

ಅದೇ ಲೆಕ್ಕದಲ್ಲಿ ಕಾರ್ಖಾನೆಗಳ ಕಷ್ಟವೂ ಅರ್ಥವಾಗುತ್ತದೆ. ಎರಡೂವರೆ ಗಂಟೆಯ ಸಿನಿಮಾ ಎಂದರೆ 13,500 ಅಡಿ. ಪ್ರತಿ ಶಾಟನ್ನೂ ನಾಲ್ಕು ಸಲ ತೆಗೆದರೂ ನೆಗೆಟಿವ್ 54,000 ಅಡಿ. ಬಿಡುಗಡೆಗೆಂದು ಥಿಯೇಟರುಗಳಿಗೆ ಕಳಿಸುವ ಪ್ರತಿ, ಅಂದರೆ ಪ್ರಿಂಟ್, ಐವತ್ತು ಹಾಕಿದರೆ 6,75,000 ಅಡಿ! ಕಾರ್ಖಾನೆಯನ್ನು ಸಾಕುತ್ತಿದ್ದದ್ದು ನಮ್ಮ ಶೂಟಿಂಗ್ ಅಲ್ಲ, ಪ್ರಿಂಟುಗಳು. ಥಿಯೇಟರುಗಳು ಡಿಜಿಟಲ್ ಪ್ರೊಜೆಕ್ಟರಿಗೆ ಹೊರಳಿದ್ದೇ ತಡ, ಆ ಅನ್ನದ ತಟ್ಟೆಯೇ ಹೋಯಿತು. ಕೊಡಾಕ್‌ನ ಸಿನಿಮಾ ಫಿಲ್ಮ್ ಮಾರಾಟ 2006ರಲ್ಲಿ ಸುಮಾರು 1,240 ಕೋಟಿ ಅಡಿ ಇದ್ದದ್ದು 2014ರ ಹೊತ್ತಿಗೆ 45 ಕೋಟಿ ಅಡಿಗೆ ಇಳಿದಿತ್ತು. ಅಷ್ಟರಲ್ಲಿ ಕೊಡಾಕ್ 2012ರಲ್ಲಿ ದಿವಾಳಿ ರಕ್ಷಣೆ ಕೋರಿ ಮರುವರ್ಷ ಹೊರಬಂದಿತ್ತು. ಫ್ಯೂಜಿ 2013ರಲ್ಲಿ ಶೂಟಿಂಗ್ ಫಿಲ್ಮನ್ನೂ ಪ್ರಿಂಟ್ ಫಿಲ್ಮನ್ನೂ ನಿಲ್ಲಿಸಿಬಿಟ್ಟಿತು. ನಮ್ಮ ಊಟಿಯ ಕಾರ್ಖಾನೆ ಅದಕ್ಕೂ ಎಷ್ಟೋ ಮೊದಲೇ, 1990ರ ದಶಕದಲ್ಲೇ ನೆಲ ಹಿಡಿದಿತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಫಿಲ್ಮ್ ತಯಾರಿಸುತ್ತಿದ್ದ, 'ಇಂದು' ಎಂಬ ಹೆಸರಿನಲ್ಲಿ ದೇಶದ ಫೋಟೋ ಅಂಗಡಿಗಳಿಗೂ ಆಸ್ಪತ್ರೆಗಳ ಎಕ್ಸ್-ರೇ ಕೋಣೆಗಳಿಗೂ ಮಾಲು ಕಳಿಸುತ್ತಿದ್ದ ಕಾರ್ಖಾನೆ ಅದು. ಬಾಗಿಲು ಮುಚ್ಚಿದ ಮೇಲೆ ಒಮ್ಮೆ ಮಾವನ ಜೊತೆ ಆ ಗೇಟಿನ ಮುಂದೆ ನಿಂತಿದ್ದೆ. ಅವರು ಕಟ್ಟಡ ನೋಡಲಿಲ್ಲ. ಜೊತೆಗೆ ಕೆಲಸ ಮಾಡಿದವರ ಹೆಸರು ಒಂದೊಂದಾಗಿ ಹೇಳುತ್ತಾ, ಯಾರು ಯಾವ ಊರು ಸೇರಿದರು ಎಂದು ಲೆಕ್ಕ ಹಾಕಿದರು. ನಾಳೆ ಯಾರಾದರೂ ನೂರು ಕೋಟಿ ತಂದು ಸುರಿದರೂ ಆ ಪಾಳಿಯನ್ನು ಮತ್ತೆ ಕೂಡಿಸಲು ಆಗುವುದಿಲ್ಲ.

ಈಗ ಸಿನಿಮಾದ ಕಲರ್ ನೆಗೆಟಿವ್ ದೊಡ್ಡ ಪ್ರಮಾಣದಲ್ಲಿ ತಯಾರಾಗುವುದು ಅಮೆರಿಕದ ರಾಚೆಸ್ಟರ್‌ನಲ್ಲಿರುವ ಕೊಡಾಕ್‌ನ 38ನೇ ನಂಬರಿನ ಕಟ್ಟಡದಲ್ಲಿ ಮಾತ್ರ. ಕ್ರಿಸ್ಟೋಫರ್ ನೋಲನ್, ಕ್ವೆಂಟಿನ್ ಟ್ಯಾರಂಟಿನೊ ಮುಂತಾದವರು ಪಟ್ಟು ಹಿಡಿದದ್ದರಿಂದ ಹಾಲಿವುಡ್‌ನ ಆರು ದೊಡ್ಡ ಸ್ಟುಡಿಯೋಗಳು ಫಿಲ್ಮ್ ಕೊಳ್ಳುವ ಮಾತು ಕೊಟ್ಟವು, 2015ರಲ್ಲಿ ಒಪ್ಪಂದವಾಯಿತು. ಅದು ಜೀವ ಉಳಿಸಿತು ನಿಜ. ಆದರೆ ನನಗೆ ಅದಕ್ಕಿಂತ ಹೆಚ್ಚು ಭರವಸೆ ಕೊಡುವುದು ಸ್ಟಿಲ್ ಕ್ಯಾಮೆರಾಕ್ಕೆ ರೋಲು ಕೊಳ್ಳುತ್ತಿರುವ ಇಪ್ಪತ್ತು ವರ್ಷದ ಹುಡುಗ ಹುಡುಗಿಯರು. ದೊಡ್ಡ ನಿರ್ದೇಶಕ ಮೂರು ವರ್ಷಕ್ಕೊಮ್ಮೆ ಬರುತ್ತಾನೆ. ಇವರು ತಿಂಗಳು ತಿಂಗಳೂ ಬರುತ್ತಾರೆ, ಮೆಷಿನ್ ತಣ್ಣಗಾಗಲು ಬಿಡುವುದಿಲ್ಲ.

ಇನ್ನೊಂದು ಒಳ್ಳೆಯ ಬದಲಾವಣೆ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಸಿನಿಮಾ ನೆಗೆಟಿವ್‌ನ ಬೆನ್ನಿಗೆ ರೆಮ್‌ಜೆಟ್ ಎಂಬ ಮಸಿಯಂಥ ಕಪ್ಪು ಪದರವಿತ್ತು. ಫಿಲ್ಮ್ ದಾಟಿದ ಬೆಳಕು ಹಿಂದಕ್ಕೆ ಪುಟಿದು ಚಿತ್ರ ಕೆಡಿಸದಂತೆ ತಡೆಯುವುದು ಅದರ ಕೆಲಸ. ಡೆವಲಪ್ ಮಾಡುವ ಮೊದಲು ಅದನ್ನು ತೊಳೆದು ತೆಗೆಯಲು ಬೇರೆಯದೇ ವ್ಯವಸ್ಥೆ ಬೇಕು, ಹಾಗಾಗಿ ಸಣ್ಣ ಲ್ಯಾಬುಗಳಿಗೆ ಅದು ಎಟುಕುತ್ತಿರಲಿಲ್ಲ. 2025ರಿಂದ ಕೊಡಾಕ್ ಆ ಪದರ ಬಿಟ್ಟು, ಅದರ ಕೆಲಸವನ್ನು ಎಮಲ್ಷನ್ ಕೆಳಗಿನ ಇನ್ನೊಂದು ಪದರಕ್ಕೆ ವಹಿಸಿದೆ. ಫಿಲ್ಮ್ ಸಿಕ್ಕಿದರೂ ತೊಳೆಯಲು ಲ್ಯಾಬ್ ಇಲ್ಲದೆ ಎಷ್ಟೋ ಜನ ಕೈಬಿಟ್ಟದ್ದನ್ನು ಕಂಡವನು ನಾನು. ಹಿಂದೆ ಕನ್ನಡ ಸಿನಿಮಾದ ನೆಗೆಟಿವ್ ಡಬ್ಬಗಳನ್ನು ರಾತ್ರಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮದರಾಸಿಗೆ ಒಯ್ಯುತ್ತಿದ್ದೆವು. ಬೆಂಗಳೂರಿನ ಯಾವುದಾದರೂ ಸಣ್ಣ ಕೋಣೆಯಲ್ಲೇ ಆ ಕೆಲಸ ಆಗುವ ದಿನ ಬಂದರೆ, ನಮ್ಮಂಥವರೂ ವರ್ಷಕ್ಕೆ ನಾಲ್ಕು ರೋಲು ಕೊಳ್ಳಬಹುದು.

ನಾನಂತೂ ಕೊಂಡಿದ್ದೇನೆ. ನಾನೂರು ಅಡಿಯ ಒಂದು 16 ಎಂಎಂ ರೋಲು ಎರಡು ತಿಂಗಳಿಂದ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿತ್ತು. ಹೋದ ಭಾನುವಾರ ಹೊರಗೆ ತೆಗೆದು, ಮಧ್ಯಾಹ್ನದ ತನಕ ಡಬ್ಬ ಬಿಚ್ಚದೆ ಬಿಸಿಯೇರಲು ಬಿಟ್ಟು, ಆಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳ ಕೈಗೆ ಚೇಂಜಿಂಗ್ ಬ್ಯಾಗು, ಅಂದರೆ ಬೆಳಕು ನುಗ್ಗದ ಕಪ್ಪು ಬಟ್ಟೆಯ ಚೀಲ, ಕೊಟ್ಟೆ. ಹಳೆಯ ಹಾಳು ರೋಲಿನಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿದ್ದಳು, ಆದರೂ ಹಣೆ ಬೆವರಿತ್ತು. ತೋಳಿನ ತನಕ ಕೈ ಒಳಗೆ ಹಾಕಿ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಟ್ಟೆಯ ಸರಬರ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಸರ್, ಫಿಲ್ಮಿನ ಅಂಚಿನ ತೂತು ಕೈಗೆ ಸಿಕ್ತು" ಅಂದಳು.

"ಹಾಂ, ಇನ್ನು ನಿಧಾನಕ್ಕೆ ಚಕ್ರದ ಹಲ್ಲಿಗೆ ಕೂರಿಸಮ್ಮ" ಅಂದೆ.