ಕಾಕವಿಯ ಮನೆಗೆ ಮಂಗಳೂರು ಹೆಂಚು

"ಮಮ್ಮಿ, ಈ ಮನೆ ಯಾರದ್ದು?" ಎಂದು ಮಗಳು ಕೇಳಿದಾಗ ನಾನು ರಟ್ಟಿನ ಮೇಲೆ ಗೋಡೆಗಳ ಅಳತೆ ಗುರುತು ಮಾಡುತ್ತಿದ್ದೆ. ಈ ಕ್ರಿಸ್‌ಮಸ್‌ಗೆ ಶುಂಠಿ ಬಿಸ್ಕತ್ತಿನ ಗೋಡೆಗಳ ಜಿಂಜರ್‌ಬ್ರೆಡ್ ಮನೆಯೇ ಆಗಬೇಕೆಂದು ಹಠ ಹಿಡಿದವಳು ಅವಳು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥೆಯಲ್ಲಿ ರೊಟ್ಟಿಯ ಗೋಡೆ, ಕೇಕಿನ ಮಾಡು, ಸಕ್ಕರೆಯ ಕಿಟಕಿಗಳಿರುವ ಇಂಥದೇ ಮನೆಯಲ್ಲಿ ಮಕ್ಕಳನ್ನು ತಿನ್ನುವ ಮುದುಕಿಯೊಬ್ಬಳಿದ್ದಾಳೆ. ಅದನ್ನು ಹೇಳಲು ಮನಸ್ಸಾಗದೆ "ಅಜ್ಜಿಯದ್ದು" ಎಂದೆ. "ಹಾಗಾದರೆ ಅಜ್ಜಿ ಸೊಲ್ಲಾಪುರಕ್ಕೆ ಬರ್ತಾರಾ?" ಎಂದು ಅವಳು ಕುಣಿಯತೊಡಗಿದಳು. ಮಂಡಿನೋವಿನಿಂದ ಅಮ್ಮ ಮಂಗಳೂರು ಬಿಟ್ಟು ಬರಲಾರರೆಂಬುದೂ, ಇವರಿಗೆ ರಜೆ ಸಿಗದೆ ಈ ಸಲವೂ ನಾವು ಊರಿಗೆ ಹೋಗುತ್ತಿಲ್ಲವೆಂಬುದೂ ಅವಳಿಗೆ ಗೊತ್ತಿಲ್ಲದ ಸಂಗತಿಗಳಲ್ಲ. ನಾನು ರಟ್ಟು ಕತ್ತರಿಸುವುದರಲ್ಲಿ ಮುಳುಗಿದೆ.

ಹಿಟ್ಟಿಗೆ ಬೇಕಾದ ಒಣಶುಂಠಿ, ದಾಲ್ಚಿನ್ನಿ, ಲವಂಗ ಮನೆಯಲ್ಲೇ ಇದ್ದವು. ಇಲ್ಲದ್ದು ಮೊಲಾಸಿಸ್ ಒಂದೇ. ಕಬ್ಬಿನ ಗಾಡಿಗಳು ರಸ್ತೆ ಕಟ್ಟುವ ಹಂಗಾಮಿನಲ್ಲಿ, ಇಷ್ಟೊಂದು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಯಲ್ಲಿ, ಒಂದು ಬಟ್ಟಲು ಮೊಲಾಸಿಸ್‌ಗಾಗಿ ಅಂಗಡಿ ಅಂಗಡಿ ಅಲೆದು ಬರಿಗೈಯಲ್ಲಿ ಬಂದೆ. ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಪಾಕ ಸಾರಾಯಿ ಬಟ್ಟಿಗಳಿಗೆ ಹೋಗುತ್ತದೆಯೇ ಹೊರತು ಕಿರಾಣಿ ಅಂಗಡಿಗೆ ಬರುವುದಿಲ್ಲ. ಮೆಟ್ಟಿಲ ಮೇಲೆ ನನ್ನ ಗೊಣಗಾಟ ಕೇಳಿಸಿಕೊಂಡ ಎದುರುಮನೆಯ ಕಾಕು ಏನೂ ಹೇಳದೆ ಒಳಗೆ ಹೋಗಿ, ಅಕ್ಕಲಕೋಟೆ ಕಡೆಯ ತವರಿನಿಂದ ಬಂದಿದ್ದ ಕಾಕವಿಯ ಬಾಟಲಿಯನ್ನು ತಂದು ನನ್ನ ಕೈಗಿಟ್ಟರು. "ಎಳ್ಳಮಾಸಿಗಂತ ಇಟ್ಟಿದ್ದೆ, ಇರಲಿ ತಗೋವಾ. ಕೂಸು ಕೇಳೇತಿ ಅಂದ್ರ ಇಲ್ಲ ಅನಬಾರ್ದು."

ಸಕ್ಕರೆಯ ಹರಳನ್ನೆಲ್ಲ ತೆಗೆದ ಮೇಲೆ ಉಳಿಯುವ ಮೊಲಾಸಿಸ್ ಕಹಿ. ಕಬ್ಬಿನ ಹಾಲು ಬೆಲ್ಲವಾಗಿ ಗಟ್ಟಿಯಾಗುವ ಮೊದಲೇ ಇಳಿಸಿದ ಕಾಕವಿಯಲ್ಲಿ ಸಿಹಿಯೆಲ್ಲ ಒಳಗೇ ಇರುತ್ತದೆ. ಆದ್ದರಿಂದ ಸಕ್ಕರೆಯನ್ನು ಕಡಿಮೆ ಮಾಡಿ, ಶುಂಠಿ ಲವಂಗಗಳನ್ನು ಧಾರಾಳವಾಗಿ ಹಾಕಿದೆ. ಗೋಡೆ ಉಬ್ಬಬಾರದೆಂದು ಸೋಡಾ ಹಾಕಲಿಲ್ಲ. ಕಾಕು ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ, ಐಸಿಂಗ್‌ಗೆ ಮೊಟ್ಟೆ ಒಡೆಯುವ ಮೊದಲೇ ಅದೇ ಹಿಟ್ಟಿನಲ್ಲಿ ನಕ್ಷತ್ರದ ಬಿಸ್ಕತ್ತುಗಳನ್ನು ಬೇಯಿಸಿ ಅವರ ಮನೆಗೆ ಕಳಿಸಿದೆ.

ಗೋಡೆಗಳು ಬೆಂದು ಹೊರಬಂದಾಗ ಚಿತ್ರದಲ್ಲಿದ್ದ ಕಡುಕಂದು ಇರಲಿಲ್ಲ, ಕೆಂಪು ಹೆಂಚಿನ ಬಣ್ಣವಿತ್ತು. ಮಾಡಿಗೆ ಚಾಕೊಲೇಟ್ ಗುಂಡಿ ಅಂಟಿಸುವ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟೆ. ಉಳಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಬೆರಳುಗುರಿನಷ್ಟು ಹೆಂಚುಗಳನ್ನು ಕತ್ತರಿಸಿ ಬೇಯಿಸಿ, ಸೂರಿನಿಂದ ಮೇಲಕ್ಕೆ, ಕೆಳಗಿನದರ ತಲೆಯ ಮೇಲೆ ಮೇಲಿನದರ ಅಂಚು ಬರುವಂತೆ ಜೋಡಿಸುವುದನ್ನು ಮಗಳಿಗೆ ಕಲಿಸಿದೆ. ನನಗೆ ಅದನ್ನು ಕಲಿಸಿದವರು ಅಜ್ಜ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮಂಥ ಎಷ್ಟೋ ಕುಟುಂಬಗಳಿಗೆ ಆ ಕೆಲಸವೇ ಅನ್ನವಾಯಿತು. ಅಜ್ಜನೂ ಹೆಂಚಿನ ಕಾರ್ಖಾನೆಯಲ್ಲೇ ದುಡಿದವರು. ಮಳೆಗಾಲಕ್ಕೆ ಮುಂಚೆ ಮಾಡು ಸರಿಪಡಿಸುವಾಗ ಪ್ರತಿ ಹೆಂಚನ್ನೂ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬಿರುಕಿದ್ದುದನ್ನು ಸದ್ದಿನಿಂದಲೇ ಹಿಡಿದು ಕೆಳಗಿಳಿಸುತ್ತಿದ್ದರು. ಜರ್ಮನಿಯ ಕಥೆಯ ಮನೆಗೆ ಮಂಗಳೂರು ಹೆಂಚು ಹೊದಿಸಿದರೆ ಅಜ್ಜ ತಕರಾರು ಮಾಡುತ್ತಿರಲಿಲ್ಲವೆಂದು ನನ್ನ ಎಣಿಕೆ, ಆ ಹೆಂಚನ್ನು ಮೊದಲು ಮಾಡಿಸಿದವರೂ ಜರ್ಮನ್ ಮಾತಿನವರೇ ತಾನೆ!

ಐಸಿಂಗ್ ನೋಡನೋಡುತ್ತಿದ್ದಂತೆ ಕಲ್ಲಾಯಿತು. ಊರಿನ ಹಸಿ ಗಾಳಿಯಲ್ಲಾದರೆ ಇಂಥ ಮನೆ ನೀರು ಹೀರಿಕೊಂಡು ಕಾಲು ಮಡಚಿ ಕೂತುಬಿಡುತ್ತಿತ್ತು. ತುಟಿ ಒಡೆಸುವ ಈ ಒಣಹವೆಯನ್ನು ನಾನು ಹೊಗಳಿದ್ದು ಇದೇ ಮೊದಲು.

ಮಾಡಿನಲ್ಲಿ ಒಂದು ಕಂಡಿ ಬಿಟ್ಟು, ಅದರಲ್ಲಿ ಪೆಪ್ಪರಮಿಂಟ್ ಪುಡಿ ತುಂಬಿ ಒಲೆಯೊಳಗೆ ಕರಗಿಸಿ ಗಾಜಿನ ಹೆಂಚನ್ನೂ ಮಾಡಿದ್ದೆವು. ಆಮೇಲೆ ನನ್ನ ಕೈ ಇಲ್ಲಿ ಗೋಡೆಗೆ ಗೆರೆ ಎಳೆಯುತ್ತಿದ್ದರೂ ಕಣ್ಣ ಮುಂದೆ ಇದ್ದದ್ದು ಊರಿನ ಅಡುಗೆಮನೆಯ ಗಾಜಿನ ಹೆಂಚು, ಅದರ ಕೆಳಗೆ ಬೀಳುತ್ತಿದ್ದ ಚೌಕ ಬಿಸಿಲು, ಆ ಬಿಸಿಲಿಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕ್ರಿಸ್‌ಮಸ್‌ನ ಕುಸ್ವಾರ್ ತಿಂಡಿಗಳನ್ನು ಮಾಡುತ್ತಿದ್ದ ಹೆಂಗಸರು. ದೊಡ್ಡಮ್ಮ ಬಾಣಲೆಯ ಮುಂದೆ, ಚಿಕ್ಕಮ್ಮಂದಿರು ಕಿಡಿಯೊ ಒತ್ತುತ್ತಾ, ಅಮ್ಮ ನೆವ್ರಿಯೊಳಗೆ ಎಳ್ಳು ಕೊಬ್ಬರಿಯ ಹೂರಣ ತುಂಬುತ್ತಾ. ಚಕ್ರ ಉರುಳಿಸಿ ನೆವ್ರಿಯ ಅಂಚು ಕತ್ತರಿಸುವುದು ನನ್ನ ಪಾಲಿನ ಕೆಲಸ. ಸಂಜೆ ತಟ್ಟೆಗಳಿಗೆ ಕ್ರೋಶಾ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಹಂಚುವುದೂ ನನ್ನದೇ. ದೊಡ್ಡಮ್ಮ ಈಗಿಲ್ಲ; ಚಿಕ್ಕಮ್ಮಂದಿರು ಮಕ್ಕಳ ಜೊತೆ ಬೇರೆ ಬೇರೆ ಊರು ಸೇರಿದ್ದಾರೆ. ಆದರೂ ಅಮ್ಮ ಪ್ರತಿ ಡಿಸೆಂಬರಿನಲ್ಲಿ ನಮಗಾಗಿ ಕುಸ್ವಾರ್ ಡಬ್ಬಿ ಕಳಿಸುವುದನ್ನು ನಿಲ್ಲಿಸಿಲ್ಲ, ಅಷ್ಟನ್ನೂ ಒಬ್ಬರೇ ಹೇಗೆ ಮಾಡುತ್ತಾರೆಂದು ನಾನು ಕೇಳಿರಲಿಲ್ಲ.

ಸಂಜೆ ವಿಡಿಯೊ ಕರೆಯಲ್ಲಿ ಮಗಳು ಅಜ್ಜಿಗೆ ಮನೆಯ ಒಂದೊಂದು ಮೂಲೆಯನ್ನೂ ತೋರಿಸಿದಳು. ಹೆಂಚು ನೋಡಿ ಅಮ್ಮ ನಕ್ಕರು. ಸೂರು ಸ್ವಲ್ಪ ಮುಂದೆ ಬರಬೇಕಿತ್ತು, ಮಳೆ ಒಳಗೆ ಹೊಡೆಯುತ್ತದೆ ಎಂದರು. ನಾನು ಆಗ ಕೇಳಿದೆ, ಈ ಸಲ ಕುಸ್ವಾರ್‌ಗೆ ಯಾರಿದ್ದರು ಎಂದು. ಪಕ್ಕದ ಮನೆಯ ಸೊಸೆ ಎರಡು ವರ್ಷದಿಂದ ಬಂದು ಕೂರುತ್ತಾಳಂತೆ, ಅವಳ ಅತ್ತೆಯೇ ಕಳಿಸುತ್ತಾರಂತೆ. "ಚಕ್ರ ಈಗ ಅವಳ ಕೈಯಲ್ಲಿದೆ" ಎಂದರು ಅಮ್ಮ. "ಅಂಚು ನಿನಗಿಂತ ನೇರ ಬರುತ್ತದೆ ಮಾರಾಯ್ತಿ."